ಯೋಧನ ಮಡದಿಯ ಪಿಂಚಣಿ: ಪ್ರತಿಯೊಂದು ಮನೆತನವೂ ಅರಿತಿರಬೇಕಾದ ಸಂಗತಿಗಳು

ನಾಡಿನ ಗಡಿಯನ್ನು ಕಾಯುವ ಯೋಧನನ್ನು ಕುರಿತು ನಾವು ಅಭಿಮಾನದಿಂದ ಮಾತನಾಡುತ್ತೇವೆ. ಆತನು ರಜೆಯ ಮೇಲೆ ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂಡಿಸಿಕೊಂಡು ಹಿಮದ ನಾಡಿನ ಸುದ್ದಿಯನ್ನು ಕೇಳುತ್ತೇವೆ. ಸ್ವಾತಂತ್ರ್ಯ ದಿನದಂದು ಶಾಲೆಯ ಅಂಗಳಕ್ಕೆ ಕರೆದು ಶಾಲು ಹೊದಿಸುತ್ತೇವೆ. ಆದರೆ ಆತನು ಇಲ್ಲವಾದ ಮೇಲೆ ಆತನ ಮಡದಿಯು ಯಾವ ಕಚೇರಿಯ ಬಾಗಿಲಿನಲ್ಲಿ, ಯಾವ ಕಾಗದವನ್ನು ಹಿಡಿದು, ಎಷ್ಟು ದಿನ ನಿಲ್ಲಬೇಕಾಯಿತು ಎಂಬುದನ್ನು ವಿಚಾರಿಸುವವರು ವಿರಳ.

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಯೋಧರು ಅದರಡಿಯಲ್ಲಿ ಸಿಲುಕಿದರು. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಹಿಮದಡಿಯಿಂದ ಜೀವಂತವಾಗಿ ಹೊರಬಂದಾಗ ಇಡೀ ದೇಶವೇ ಅವರಿಗಾಗಿ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅಂತಹ ಮರಣವನ್ನು ನಾಡು ಕಾಣುತ್ತದೆ. ಮಂತ್ರಿಗಳು ಬರುತ್ತಾರೆ, ಅಧಿಕಾರಿಗಳು ಬರುತ್ತಾರೆ, ಸೇನೆಯವರೇ ಮನೆಯ ಬಾಗಿಲಿಗೆ ಕಾಗದಪತ್ರಗಳನ್ನು ತರುತ್ತಾರೆ.

ಆದರೆ ಎಲ್ಲ ಯೋಧರೂ ರಣರಂಗದಲ್ಲಿ ಮಡಿಯುವುದಿಲ್ಲ. ಹದಿನೇಳು, ಇಪ್ಪತ್ತು, ಇಪ್ಪತ್ತನಾಲ್ಕು ವರ್ಷ ಸೇವೆ ಸಲ್ಲಿಸಿ ಊರಿಗೆ ಮರಳಿ, ಹೊಲ ಮಾಡಿಕೊಂಡೋ ಬ್ಯಾಂಕಿನ ಕಾವಲುಗಾರನಾಗಿಯೋ ಬಾಳಿ, ಒಂದು ದಿನ ಎದೆನೋವಿನಿಂದಲೋ ಮುಪ್ಪಿನಿಂದಲೋ ಕಣ್ಣು ಮುಚ್ಚುವ ಮಾಜಿ ಸೈನಿಕರೇ ಹೆಚ್ಚು. ಅವರ ಮನೆಗೆ ಯಾವ ಮೆರವಣಿಗೆಯೂ ಬರುವುದಿಲ್ಲ. ತಿಂಗಳ ಕೊನೆಗೆ ಬರುತ್ತಿದ್ದ ಪಿಂಚಣಿ ನಿಂತಾಗಲೇ ಆ ತಾಯಿಗೆ ತಾನು ಇನ್ನೊಂದು ದಾರಿಯನ್ನು ತುಳಿಯಬೇಕಾಗಿದೆಯೆಂಬುದು ಅರಿವಿಗೆ ಬರುತ್ತದೆ. ಸದ್ದಿಲ್ಲದೆ ವೈಧವ್ಯವನ್ನು ಹೊತ್ತ ಇಂತಹ ತಾಯಂದಿರಿಗಾಗಿ, ಅವರಿಗಿಂತಲೂ ಮಿಗಿಲಾಗಿ ಅವರ ಮಕ್ಕಳು, ಮೈದುನರು, ಅಣ್ಣತಮ್ಮಂದಿರಿಗಾಗಿ ಈ ಲೇಖನ.

ಕೃಪೆಯ ಮಾತು ಇಲ್ಲಿಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳಬೇಕು. "ಸರಕಾರ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ" ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಪಿಂಚಣಿಯು ನೌಕರನ ಆಸ್ತಿಯಿದ್ದಂತೆ, ಅದನ್ನು ಮನಬಂದಂತೆ ತಡೆಹಿಡಿಯಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ದೇವಕಿನಂದನ ಪ್ರಸಾದ್ ಪ್ರಕರಣದಲ್ಲಿ ಹೇಳಿತು. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದ ತೀರ್ಪಿನಲ್ಲಿ, ಪಿಂಚಣಿಯು ಒಡೆಯನು ಕೃಪೆಯಿಂದ ನೀಡುವ ಕೊಡುಗೆಯಲ್ಲವೆಂದೂ, ಸಲ್ಲಿಸಿದ ಸೇವೆಗೆ ದೊರೆಯುವ ಪ್ರತಿಫಲವೆಂದೂ ಅದೇ ನ್ಯಾಯಾಲಯವು ವಿವರಿಸಿತು. ಈ ತೀರ್ಪಿಗೆ ಕಾರಣವಾದ ಅರ್ಜಿದಾರರಲ್ಲಿ ರಕ್ಷಣಾ ಇಲಾಖೆಯಿಂದ ನಿವೃತ್ತರಾದವರು ಇದ್ದರೆಂಬುದನ್ನೂ, ಡಿಸೆಂಬರ್ 17ನ್ನು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆಂಬುದನ್ನೂ ನೆನೆಯಬೇಕು.

ಇನ್ನೊಂದು ತೀರ್ಪು ಮನೆತನಗಳಿಗೆ ಇನ್ನೂ ಹತ್ತಿರದ್ದು. ರೈಲ್ವೆ ನೌಕರನೊಬ್ಬನು ತನ್ನ ಸಹೋದರನ ಹೆಸರಿಗೆ ನಾಮನಿರ್ದೇಶನ ಮಾಡಿ ತೀರಿಕೊಂಡಿದ್ದ ವಯೊಲೆಟ್ ಐಸಾಕ್ ಪ್ರಕರಣದಲ್ಲಿ, ಕುಟುಂಬ ಪಿಂಚಣಿಯು ಮೃತನ ಆಸ್ತಿಯ ಭಾಗವಲ್ಲ, ಅದನ್ನು ಉಯಿಲಿನಿಂದಲೋ ನಾಮನಿರ್ದೇಶನದಿಂದಲೋ ಬೇರೊಬ್ಬರಿಗೆ ಬಿಟ್ಟುಕೊಡಲು ಬಾರದು ಎಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ಣಯಿಸಿತು. ನಿಯಮವು ಯಾರನ್ನು ಹೆಸರಿಸುತ್ತದೆಯೋ ಅವರಿಗೇ ಅದು ಸಲ್ಲಬೇಕು. ನಿಯಮವು ಮೊದಲು ಹೆಸರಿಸುವುದು ಮಡದಿಯನ್ನು. ಹೊಲ, ಮನೆಗಳಂತೆ ಅಣ್ಣತಮ್ಮಂದಿರು ಕುಳಿತು ಪಾಲು ಮಾಡಿಕೊಳ್ಳುವ ಸೊತ್ತು ಇದಾಗಿಲ್ಲ.

ಮೂರು ಬಗೆಯ ಕುಟುಂಬ ಪಿಂಚಣಿ

ಸೈನಿಕನ ಮರಣದ ಕಾರಣವನ್ನು ಅನುಸರಿಸಿ ಕುಟುಂಬ ಪಿಂಚಣಿಯು ಮುಖ್ಯವಾಗಿ ಮೂರು ಬಗೆಯಾಗಿರುತ್ತದೆ.

ಸೇವೆಗೆ ಸಂಬಂಧವಿಲ್ಲದ ಕಾರಣದಿಂದ ಮರಣ ಸಂಭವಿಸಿದರೆ ಸಾಮಾನ್ಯ ಕುಟುಂಬ ಪಿಂಚಣಿ ದೊರೆಯುತ್ತದೆ. ಇದು ಕೊನೆಯ ಗಣನೀಯ ವೇತನದ ಶೇಕಡಾ 30ರಷ್ಟು. 2016ರ ಜನವರಿ 1ರಿಂದ ಜಾರಿಗೆ ಬಂದ ಏಳನೆಯ ವೇತನ ಆಯೋಗದ ಪ್ರಕಾರ ಇದು ತಿಂಗಳಿಗೆ 9,000 ರೂಪಾಯಿಗಿಂತ ಕಡಿಮೆಯಿರಲಾಗದು. ಸೇವೆಯಿಂದಾಗಿಯೇ ಬಂದ ಅಥವಾ ಸೇವೆಯಿಂದ ಉಲ್ಬಣಿಸಿದ ಕಾಯಿಲೆ, ಅಪಘಾತಗಳಿಂದ ಮರಣ ಸಂಭವಿಸಿದರೆ ವಿಶೇಷ ಕುಟುಂಬ ಪಿಂಚಣಿ. ಇದು ಶೇಕಡಾ 60ರಷ್ಟು. ಯುದ್ಧದಲ್ಲಿ, ಉಗ್ರರೊಡನೆ ನಡೆದ ಕಾಳಗದಲ್ಲಿ ಹಾಗೂ ನಿಯಮದಲ್ಲಿ ಹೇಳಿರುವ ಅಂತಹ ಇತರ ಸಂದರ್ಭಗಳಲ್ಲಿ ಮಡಿದವರ ಮಡದಿಗೆ ಉದಾರೀಕೃತ ಕುಟುಂಬ ಪಿಂಚಣಿ. ಇದು ಕೊನೆಯ ವೇತನದಷ್ಟೇ, ಅಂದರೆ ಪೂರ್ತಿ ಶೇಕಡಾ 100. ಈ ಮೂರರ ಮೇಲೂ ತುಟ್ಟಿಭತ್ಯೆ ಪ್ರತ್ಯೇಕವಾಗಿ ಸೇರುತ್ತದೆ.

ಲೆಕ್ಕ ಮಾಡಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕೊನೆಯ ಗಣನೀಯ ವೇತನ 40,000 ರೂಪಾಯಿ ಇದ್ದಲ್ಲಿ, ತುಟ್ಟಿಭತ್ಯೆಯನ್ನು ಬಿಟ್ಟು, ಸಾಮಾನ್ಯ ಪಿಂಚಣಿ 12,000 ರೂಪಾಯಿ, ವಿಶೇಷ ಪಿಂಚಣಿ 24,000 ರೂಪಾಯಿ, ಉದಾರೀಕೃತ ಪಿಂಚಣಿ 40,000 ರೂಪಾಯಿ. ಮರಣದ ಕಾರಣವನ್ನು ಕಾಗದದಲ್ಲಿ ಏನೆಂದು ಬರೆದಿದ್ದಾರೆ ಎಂಬ ಒಂದು ಸಾಲು ಒಂದು ಸಂಸಾರದ ಬಾಳಿನ ಮೇಲೆ ಎಷ್ಟು ಪರಿಣಾಮ ಬೀರುತ್ತದೆಯೆಂಬುದನ್ನು ಇದರಿಂದ ಊಹಿಸಬಹುದು.

ಸಾಮಾನ್ಯ ಪಿಂಚಣಿಯಲ್ಲಿಯೂ ಮೊದಲ ಕೆಲವು ವರ್ಷ ಹೆಚ್ಚಿನ ದರವಿದೆ. ಸೇವೆಯಲ್ಲಿದ್ದಾಗಲೇ ಯೋಧನು ತೀರಿಕೊಂಡರೆ 10 ವರ್ಷಗಳವರೆಗೆ ಶೇಕಡಾ 50ರ ದರದಲ್ಲಿ ಪಿಂಚಣಿ ಬರುತ್ತದೆ. ಇದಕ್ಕೆ ಹಿಂದೆ 7 ವರ್ಷಗಳ ಸೇವೆ ಕಡ್ಡಾಯವಾಗಿತ್ತು. 2019ರ ಅಕ್ಟೋಬರ್ 1ರಿಂದ ಆ ಷರತ್ತನ್ನು ತೆಗೆದುಹಾಕಲಾಗಿದೆ. ನಿವೃತ್ತಿಯ ನಂತರ ತೀರಿಕೊಂಡಲ್ಲಿ 7 ವರ್ಷಗಳವರೆಗೆ ಅಥವಾ ಆತನಿಗೆ 67 ವರ್ಷ ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಹೆಚ್ಚಿನ ದರ ಅನ್ವಯಿಸುತ್ತದೆ. ಆದರೆ ಅದು ಆತನು ಪಡೆಯುತ್ತಿದ್ದ ಪಿಂಚಣಿಯನ್ನು ಮೀರುವಂತಿಲ್ಲ. ಅವಧಿ ಮುಗಿದ ತಿಂಗಳಿನಿಂದ ಮೊತ್ತವು ಇಳಿಯುತ್ತದೆ. ಇದನ್ನು ತಿಳಿಯದ ತಾಯಂದಿರು ಯಾರೋ ಹಣವನ್ನು ಕಡಿದುಕೊಂಡರೆಂದು ಗಾಬರಿಯಾಗುವುದುಂಟು. ಗಂಡನು ನಿವೃತ್ತಿಯ ವೇಳೆಗೆ ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಪಡೆದಿದ್ದರೂ, ಅಂದರೆ ಕಮ್ಯುಟೇಶನ್ ಮಾಡಿಸಿದ್ದರೂ, ಅದರ ಕಡಿತವು ಮಡದಿಯ ಪಿಂಚಣಿಗೆ ತಗಲುವುದಿಲ್ಲ.

ವಯಸ್ಸಾದ ತಾಯಂದಿರಿಗೆ ಇನ್ನೊಂದು ಸೌಲಭ್ಯವಿದೆ. 80 ವರ್ಷ ತುಂಬಿದಾಗ ಮೂಲ ಕುಟುಂಬ ಪಿಂಚಣಿಗೆ ಶೇಕಡಾ 20, 85ಕ್ಕೆ ಶೇಕಡಾ 30, 90ಕ್ಕೆ ಶೇಕಡಾ 40, 95ಕ್ಕೆ ಶೇಕಡಾ 50, ನೂರು ತುಂಬಿದಾಗ ಶೇಕಡಾ 100 ಹೆಚ್ಚುವರಿಯಾಗಿ ಸೇರಬೇಕು. ಆದರೆ ದಾಖಲೆಯಲ್ಲಿ ಆಕೆಯ ಜನ್ಮದಿನಾಂಕವೇ ಇಲ್ಲದಿದ್ದರೆ ಈ ಹೆಚ್ಚಳವನ್ನು ಯಾರು, ಯಾವಾಗ ಸೇರಿಸಬೇಕು? ಹಳೆಯ ಪಿಂಚಣಿ ಪತ್ರಗಳಲ್ಲಿ ಮಡದಿಯ ಹೆಸರಷ್ಟೇ ಇದ್ದು ಹುಟ್ಟಿದ ದಿನಾಂಕ ಇಲ್ಲದಿರುವುದು ಸಾಮಾನ್ಯ. ಅದನ್ನು ಬರೆಯಿಸುವ ಕೆಲಸವನ್ನು ಮುಂದೂಡಬಾರದು.

ಸೇವೆಯಲ್ಲಿದ್ದಾಗ ಮರಣ ಸಂಭವಿಸಿದರೆ

ಯೋಧನು ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳುವುದು ಆತನ ಘಟಕ. ಅಲ್ಲಿಂದ ಸುದ್ದಿಯು ಆತನ ರೆಜಿಮೆಂಟಿನ ದಾಖಲೆ ಕಚೇರಿಗೆ, ಅಂದರೆ ರೆಕಾರ್ಡ್ ಆಫೀಸಿಗೆ ಹೋಗುತ್ತದೆ. ಪ್ರತಿಯೊಂದು ರೆಜಿಮೆಂಟಿಗೂ ತನ್ನದೇ ದಾಖಲೆ ಕಚೇರಿಯಿದೆ. ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ತೋಪಖಾನೆಯದು ನಾಸಿಕ್ ರೋಡಿನಲ್ಲಿ, ಸಿಗ್ನಲ್ಸ್ ವಿಭಾಗದ್ದು ಜಬಲ್ಪುರದಲ್ಲಿ, ಇ.ಎಂ.ಇ. ವಿಭಾಗದ್ದು ಸಿಕಂದರಾಬಾದಿನಲ್ಲಿದೆ. ವಾಯುಸೇನೆಯ ದಾಖಲೆ ಕಚೇರಿ ದೆಹಲಿಯ ಸುಬ್ರತೋ ಪಾರ್ಕಿನಲ್ಲಿದೆ. ಗಂಡನ ಸೈನಿಕ ಸಂಖ್ಯೆ, ಹುದ್ದೆ, ರೆಜಿಮೆಂಟು ಈ ಮೂರನ್ನು ತಿಳಿದಿರುವ ಮಡದಿಯು ಅರ್ಧ ದಾರಿಯನ್ನು ಕ್ರಮಿಸಿದಂತೆಯೇ ಸರಿ.

ದಾಖಲೆ ಕಚೇರಿಯು ಅರ್ಜಿಯ ನಮೂನೆಗಳನ್ನು ಮಡದಿಗೆ ಕಳುಹಿಸುತ್ತದೆ. ಆಕೆಯ ಭಾವಚಿತ್ರ, ಸಹಿ ಅಥವಾ ಹೆಬ್ಬೆರಳಿನ ಗುರುತು, ಬ್ಯಾಂಕ್ ಖಾತೆಯ ವಿವರ, ಮಕ್ಕಳ ಜನ್ಮದಿನಾಂಕ ಇವುಗಳನ್ನು ತುಂಬಿ ದೃಢೀಕರಿಸಿ ಹಿಂದಿರುಗಿಸಬೇಕು. ಭೂಸೇನೆಯ ಪಿಂಚಣಿಯನ್ನು ಮಂಜೂರು ಮಾಡುವವರು ಪ್ರಯಾಗರಾಜದಲ್ಲಿರುವ ರಕ್ಷಣಾ ಲೆಕ್ಕಪತ್ರಗಳ ಪ್ರಧಾನ ನಿಯಂತ್ರಕರು. ಮಂಜೂರಾದ ಮೇಲೆ ಪಿಂಚಣಿ ಪಾವತಿ ಆದೇಶ, ಎಲ್ಲರ ಬಾಯಲ್ಲಿರುವಂತೆ ಪಿ.ಪಿ.ಓ., ಹೊರಡುತ್ತದೆ. ಪಿಂಚಣಿಯಲ್ಲದೆ ಮರಣ ಉಪಧನ, ಭವಿಷ್ಯನಿಧಿ, ಸೈನಿಕರ ಸಾಮೂಹಿಕ ವಿಮೆ ಇವು ಬೇರೆಬೇರೆಯಾಗಿ ಬರುತ್ತವೆ. ಭವಿಷ್ಯನಿಧಿ, ವಿಮೆಗಳಲ್ಲಿ ಯೋಧನು ಮಾಡಿದ ನಾಮನಿರ್ದೇಶನವನ್ನೇ ನೋಡುತ್ತಾರೆ. ಮದುವೆಗೆ ಮುನ್ನ ತಾಯಿಯ ಹೆಸರನ್ನು ಬರೆಯಿಸಿ, ಮದುವೆಯ ನಂತರ ಅದನ್ನು ಪುನಃ ನೋಡದೆ ಬಿಟ್ಟಲ್ಲಿ ಅತ್ತೆ ಸೊಸೆಯರ ನಡುವೆ ಮನಸ್ತಾಪಕ್ಕೆ ದಾರಿಯಾಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಕೇಂದ್ರ ಮೀಸಲು ಪೊಲೀಸ್ ಪಡೆ, ಗಡಿ ಭದ್ರತಾ ಪಡೆ ಮೊದಲಾದವು ಗೃಹ ಇಲಾಖೆಗೆ ಸೇರಿದವು; ಅವರ ಪಿಂಚಣಿಯ ನಿಯಮಗಳೂ ಕಚೇರಿಗಳೂ ಬೇರೆ. 2022ರಿಂದ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಗಳಿಗೆ ಸೇರುತ್ತಿರುವ ಅಗ್ನಿವೀರರಿಗೆ ಪಿಂಚಣಿಯಾಗಲಿ ಕುಟುಂಬ ಪಿಂಚಣಿಯಾಗಲಿ ಇಲ್ಲ. ಅವರು ಸೇವೆಯಲ್ಲಿ ಮಡಿದರೆ 48 ಲಕ್ಷ ರೂಪಾಯಿಗಳ ವಿಮೆಯೂ, ಸೇವೆಯ ಕಾರಣದಿಂದಲೇ ಮರಣ ಸಂಭವಿಸಿದ್ದರೆ 44 ಲಕ್ಷ ರೂಪಾಯಿಗಳ ಪರಿಹಾರಧನವೂ ನಿಗದಿಯಾಗಿವೆ. ಮಗನನ್ನು ಸೇನೆಗೆ ಕಳುಹಿಸುವ ಮನೆಯವರು ಈ ಭೇದವನ್ನು ಅರಿತಿರುವುದು ಒಳಿತು.

ನಿವೃತ್ತಿಯ ನಂತರ ಮರಣ ಸಂಭವಿಸಿದರೆ

ಮಾಜಿ ಸೈನಿಕನು ಊರಿನಲ್ಲಿ ತೀರಿಕೊಂಡಾಗ ಹೆಜ್ಜೆಯನ್ನು ಮನೆಯವರೇ ಇಡಬೇಕು. ಮೊದಲನೆಯದು, ಮರಣದ ನೋಂದಣಿ. 21 ದಿನಗಳೊಳಗೆ ನೋಂದಾಯಿಸಿ ಮರಣ ಪ್ರಮಾಣಪತ್ರವನ್ನು ಪಡೆಯಬೇಕು. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶದವರೆಗೂ ಅಲೆಯಬೇಕಾಗುತ್ತದೆ. ಪ್ರಮಾಣಪತ್ರದಲ್ಲಿ ಮೃತನ ಹೆಸರನ್ನು ಪಿ.ಪಿ.ಓ.ದಲ್ಲಿ ಇರುವಂತೆಯೇ ಬರೆಯಿಸಬೇಕು. ಊರಿನವರು ಕರೆಯುತ್ತಿದ್ದ ಹೆಸರು ಇಲ್ಲಿ ಉಪಯೋಗಕ್ಕೆ ಬಾರದು.

ಎರಡನೆಯದು, ಮರಣದ ಸುದ್ದಿಯನ್ನು ತಿಳಿಸುವುದು. ಹಿಂದೆ ಬ್ಯಾಂಕುಗಳೇ ಪಿಂಚಣಿಯನ್ನು ಲೆಕ್ಕಹಾಕಿ ಬಟವಾಡೆ ಮಾಡುತ್ತಿದ್ದವು. ಈಚಿನ ವರ್ಷಗಳಲ್ಲಿ ರಕ್ಷಣಾ ಇಲಾಖೆಯು 'ಸ್ಪರ್ಶ' ಎಂಬ ಗಣಕೀಕೃತ ವ್ಯವಸ್ಥೆಯನ್ನು ತಂದು, ಹಂತಹಂತವಾಗಿ ಹಳೆಯ ಪಿಂಚಣಿದಾರರನ್ನೂ ಅದಕ್ಕೆ ವರ್ಗಾಯಿಸಿ, ಹಣವನ್ನು ನೇರವಾಗಿ ಖಾತೆಗೆ ಜಮಾ ಮಾಡುತ್ತಿದೆ. ಮರಣವನ್ನು ಸ್ಪರ್ಶದಲ್ಲಿ ದಾಖಲಿಸಿ, ಮರಣ ಪ್ರಮಾಣಪತ್ರ ಹಾಗೂ ಮಡದಿಯ ಗುರುತಿನ ಪತ್ರಗಳನ್ನು ಒದಗಿಸಬೇಕು. ಗಣಕಯಂತ್ರದ ಪರಿಚಯವಿಲ್ಲದವರು ರಕ್ಷಣಾ ಪಿಂಚಣಿ ವಿತರಣಾ ಕಚೇರಿ, ಗೊತ್ತುಪಡಿಸಿದ ಬ್ಯಾಂಕ್ ಶಾಖೆಗಳ ಸೇವಾ ಕೇಂದ್ರ ಅಥವಾ ಊರಿನ ಸಾಮಾನ್ಯ ಸೇವಾ ಕೇಂದ್ರದಲ್ಲಿ ಸಹಾಯ ಪಡೆಯಬಹುದು. ಗಂಡನ ದೂರವಾಣಿ ಸಂಖ್ಯೆಗೇ ರಹಸ್ಯ ಅಂಕಿಗಳು ಬರುವುದರಿಂದ, ಕೆಲಸ ಪೂರ್ಣಗೊಳ್ಳುವವರೆಗೆ ಆ ಸಿಮ್ಮನ್ನು ನಿಲ್ಲಿಸಬಾರದು. ಆ ಅಂಕಿಗಳನ್ನು ಫೋನಿನಲ್ಲಿ ಕೇಳುವ ಯಾರಿಗೂ ಹೇಳಬಾರದು. ದುಃಖದಲ್ಲಿರುವ ಮನೆಯನ್ನೇ ಹುಡುಕುವ ವಂಚಕರಿದ್ದಾರೆ.

ಪಿ.ಪಿ.ಓ.ದಲ್ಲಿ ಮಡದಿಯ ಹೆಸರು ಮೊದಲೇ ಜಂಟಿಯಾಗಿ ದಾಖಲಾಗಿದ್ದರೆ ಕೆಲಸ ಹಗುರ. ಹೆಸರು ಇಲ್ಲದಿದ್ದರೆ, ಅಥವಾ ನಿವೃತ್ತಿಯ ನಂತರ ಮದುವೆಯಾಗಿದ್ದರೆ, ಅರ್ಜಿಯು ಮತ್ತೆ ದಾಖಲೆ ಕಚೇರಿಗೆ ಹೋಗಿ ತಿದ್ದುಪಡಿ ಆದೇಶವಾಗಿ ಬರಬೇಕು.

ಇನ್ನೊಂದು ಮಾತು. ಮರಣವನ್ನು ತಿಳಿಸದೆ ಗಂಡನ ಖಾತೆಗೆ ಬರುವ ಹಣವನ್ನು ತೆಗೆದುಕೊಳ್ಳುತ್ತ ಹೋದರೆ, ಹೆಚ್ಚಾಗಿ ಬಂದ ಮೊತ್ತವನ್ನು ಮುಂದೆ ಮಡದಿಯ ಪಿಂಚಣಿಯಿಂದಲೇ ವಸೂಲು ಮಾಡುತ್ತಾರೆ. ಬರುವುದು ಬರಲಿ ಎಂದು ಸುಮ್ಮನಿರುವುದು ಲಾಭದ ದಾರಿಯಲ್ಲ.

ಗಂಡನು ಅಂಗವೈಕಲ್ಯ ಪಿಂಚಣಿಯನ್ನು ಪಡೆಯುತ್ತಿದ್ದು, ಅದೇ ಕಾಯಿಲೆಯಿಂದ ತೀರಿಕೊಂಡಿದ್ದರೆ ವಿಶೇಷ ಕುಟುಂಬ ಪಿಂಚಣಿಯನ್ನು ಕೇಳಲು ಆಸ್ಪದವಿದೆ. ಆದುದರಿಂದ ಆಸ್ಪತ್ರೆಯ ಕಾಗದಗಳನ್ನು ಕ್ರಿಯಾವಿಧಿಗಳು ಮುಗಿದ ಮೇಲೆ ಎಸೆಯಬಾರದು. ಹಾಗೆಯೇ ಸೈನ್ಯದಿಂದ ಬಂದ ಮೇಲೆ ಗಂಡನು ಬೇರೆ ಸರಕಾರಿ ನೌಕರಿ ಮಾಡಿ ಅಲ್ಲಿಯೂ ಪಿಂಚಣಿಗೆ ಅರ್ಹನಾಗಿದ್ದರೆ, 2012ರ ಸೆಪ್ಟೆಂಬರ್ 24ರಿಂದ ಮಡದಿಯು ಎರಡು ಕುಟುಂಬ ಪಿಂಚಣಿಗಳನ್ನೂ ಪಡೆಯಬಹುದಾಗಿದೆ. ಹಿಂದೆ ಒಂದನ್ನು ಬಿಟ್ಟುಕೊಟ್ಟವರು ಇದನ್ನು ಗಮನಿಸಬೇಕು.

ತವರಿನ ಹೆಸರು, ಗಂಡನ ಮನೆಯ ಹೆಸರು

ನಮ್ಮ ಕಡೆಯ ಅರ್ಜಿಗಳನ್ನು ಹೆಚ್ಚಾಗಿ ತಡೆಯುವ ಸಂಗತಿಯೊಂದಿದೆ. ಉತ್ತರ ಕರ್ನಾಟಕದ ಎಷ್ಟೋ ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವುದು ರೂಢಿ. ತವರಿನಲ್ಲಿ ನೀಲವ್ವನಾಗಿದ್ದವಳು ಗಂಡನ ಮನೆಯಲ್ಲಿ ಅನ್ನಪೂರ್ಣಾ ಆಗುತ್ತಾಳೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು. ಗಂಡನು ಸೈನ್ಯದಲ್ಲಿ ಮದುವೆಯ ವಿಷಯವನ್ನು ತಿಳಿಸಿದಾಗ ಅಲ್ಲಿಯ ಗುಮಾಸ್ತನು ತನಗೆ ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡದ್ದು ಮೂರನೆಯದು. 'ಅವ್ವ' ಎಂಬುದು 'ಅಮ್ಮ'ನೋ 'ಬಾಯಿ'ಯೋ ಆಗಿರುತ್ತದೆ. ಅಡ್ಡಹೆಸರು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ.

ಮನೆಯವರಿಗೆ ಈ ಎಲ್ಲ ಹೆಸರುಗಳೂ ಒಬ್ಬಳನ್ನೇ ಕರೆಯುತ್ತವೆ. ಕಚೇರಿಗೆ ಅವು ಮೂವರು ಬೇರೆಬೇರೆ ಹೆಂಗಸರು. ಗಣಕಯಂತ್ರವು ಆಧಾರ್, ಪಾನ್, ಪಿ.ಪಿ.ಓ.ಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವ ಈ ಕಾಲದಲ್ಲಿ ತೊಡಕು ಇನ್ನೂ ಹೆಚ್ಚಿದೆ. ಹಿಂದಿನ ಕಾಲದ ಬ್ಯಾಂಕ್ ಮ್ಯಾನೇಜರನು ಮುಖ ನೋಡಿ ಗುರುತಿಸುತ್ತಿದ್ದನು, ಯಂತ್ರಕ್ಕೆ ಮುಖದಾಕ್ಷಿಣ್ಯವಿಲ್ಲ.

ಸೈನ್ಯದಲ್ಲಿ ಯೋಧನ ಮದುವೆ, ಮಕ್ಕಳ ಜನನ ಮೊದಲಾದ ಸಂಗತಿಗಳನ್ನು ಪಾರ್ಟ್ ಟು ಆರ್ಡರ್ ಎಂಬ ಆದೇಶದ ಮೂಲಕ ದಾಖಲಿಸುತ್ತಾರೆ. ಅದರ ಆಧಾರದಿಂದಲೇ ಡಿಸ್ಚಾರ್ಜ್ ಪುಸ್ತಕದಲ್ಲಿ ಮಡದಿ ಮಕ್ಕಳ ಹೆಸರು ಬರುತ್ತವೆ. ಅಲ್ಲಿಯ ತಪ್ಪನ್ನು ಯೋಧನು ಬದುಕಿರುವಾಗ ತಿದ್ದಿಸುವುದು ಸುಲಭ. ಆತನದೇ ಅರ್ಜಿ, ಪ್ರಮಾಣಪತ್ರ, ಗುರುತಿನ ದಾಖಲೆಗಳು ಸಾಕು. ಆತನು ಹೋದ ಮೇಲೆ ಅದೇ ತಪ್ಪನ್ನು ತಿದ್ದಿಸಲು ಮಡದಿಯು ನೋಟರಿಯ ಮುಂದೆ ಪ್ರಮಾಣ ಮಾಡಬೇಕು, ಎರಡು ಹೆಸರೂ ತನ್ನದೇ ಎಂಬುದಕ್ಕೆ ಸಾಕ್ಷಿಗಳನ್ನು ತರಬೇಕು, ಕೆಲವೊಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕು. ಇಪ್ಪತ್ತು ವರ್ಷ ಸಂಸಾರ ಮಾಡಿದವಳು ತಾನೇ ಆತನ ಹೆಂಡತಿಯೆಂದು ಸಾಬೀತುಪಡಿಸಬೇಕಾಗಿ ಬರುವುದಕ್ಕಿಂತ ಹೆಚ್ಚಿನ ನೋವು ಯಾವುದಿದೆ?

ನೆರವು ದೊರೆಯುವ ತಾಣಗಳು

ಕರ್ನಾಟಕ ಸರಕಾರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯು ಜಿಲ್ಲಾ ಮಟ್ಟದಲ್ಲಿ ಕಚೇರಿಗಳನ್ನು ಹೊಂದಿದೆ. ಅರ್ಜಿ ಬರೆಯುವುದು, ದಾಖಲೆ ಕಚೇರಿಯೊಡನೆ ಪತ್ರವ್ಯವಹಾರ ನಡೆಸುವುದು, ಮಡದಿಗೆ ಗುರುತಿನ ಚೀಟಿ ನೀಡುವುದು ಇವು ಆ ಕಚೇರಿಯ ಕೆಲಸಗಳೇ. ಅಲ್ಲಿ ಸಹಾಯಕ್ಕೆ ಶುಲ್ಕವಿಲ್ಲ. ಆದುದರಿಂದ ಬಂದ ಹಣದಲ್ಲಿ ಪಾಲು ಕೇಳುವ ದಲ್ಲಾಳಿಯನ್ನು ಹಿಡಿಯುವ ಅಗತ್ಯವೇ ಇಲ್ಲ. ಪಿಂಚಣಿಗೆ ಬೇಕಾದಷ್ಟು ವರ್ಷಗಳ ಸೇವೆ ಮಾಡದೆ ಮರಳಿದ ಹವಾಲ್ದಾರ್ ಹುದ್ದೆಯವರೆಗಿನ ಸೈನಿಕರ ಬಡ ವಿಧವೆಯರು 65 ವರ್ಷ ದಾಟಿದ್ದರೆ, ಕೇಂದ್ರೀಯ ಸೈನಿಕ ಮಂಡಳಿಯ ದಾರಿದ್ರ್ಯ ಪರಿಹಾರ ಧನಕ್ಕೂ ಈ ಕಚೇರಿಯ ಮೂಲಕವೇ ಅರ್ಜಿ ಹಾಕಬಹುದು. ತಿಂಗಳಿಗೆ 4,000 ರೂಪಾಯಿ ಇದ್ದ ಈ ನೆರವನ್ನು 2025ರ ನವೆಂಬರ್ 1ರಿಂದ 8,000 ರೂಪಾಯಿಗೆ ಏರಿಸಲಾಗಿದೆ.

ಅರ್ಜಿ ತಿರಸ್ಕೃತವಾದರೆ ಅಲ್ಲಿಗೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಮರಣಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ವಿಶೇಷ ಪಿಂಚಣಿಯನ್ನು ನಿರಾಕರಿಸಿದ್ದರೆ ಮೇಲ್ಮನವಿಗೆ ಅವಕಾಶವಿದೆ. 2007ರ ಕಾಯಿದೆಯ ಪ್ರಕಾರ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ. ಕರ್ನಾಟಕದ ಪ್ರಕರಣಗಳು ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರುತ್ತವೆ. ತಿರಸ್ಕಾರದ ಪತ್ರವನ್ನು ಸಿಟ್ಟಿನಿಂದ ಹರಿದು ಹಾಕದೆ ಜೋಪಾನ ಮಾಡಬೇಕು. ಮುಂದಿನ ಹೋರಾಟಕ್ಕೆ ಅದೇ ಮೊದಲ ದಾಖಲೆ. ಪಿಂಚಣಿಯ ವಿಷಯದಲ್ಲಿ ತಡವಾಗಿ ಬಂದವರನ್ನೂ ನ್ಯಾಯಾಲಯಗಳು ಪೂರ್ತಿಯಾಗಿ ಕೈಬಿಟ್ಟಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿಂಬಾಕಿಯನ್ನು ಅರ್ಜಿಗೆ ಹಿಂದಿನ 3 ವರ್ಷಗಳಿಗೆ ಸೀಮಿತಗೊಳಿಸಿತು. ತಡ ಮಾಡಿದಷ್ಟೂ ಕಳೆದುಕೊಳ್ಳುವುದು ತಾಯಿ ಮಕ್ಕಳೇ.

ವಕೀಲರಿಗೆ ಕೊಡಲು ಹಣವಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಸೈನಿಕರ ಕುಟುಂಬಗಳಿಗೆಂದೇ 2025ರ ಜುಲೈ 26ರಂದು ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿದೆ.

ಮನೆಯೊಳಗಿನ ನ್ಯಾಯ

ಕಚೇರಿಯ ತೊಡಕುಗಳಿಗಿಂತ ಮನೆಯೊಳಗಿನ ತೊಡಕುಗಳು ಕೆಲವೊಮ್ಮೆ ಕಠಿಣವಾಗಿರುತ್ತವೆ. ಪಾಸ್‌ಬುಕ್ಕು ಭಾವನ ಪೆಟ್ಟಿಗೆಯಲ್ಲಿ, ಎ.ಟಿ.ಎಂ. ಚೀಟಿ ಮೈದುನನ ಜೇಬಿನಲ್ಲಿ, ಹೆಬ್ಬೆಟ್ಟು ಮಾತ್ರ ಸೊಸೆಯದು ಎಂಬಂತಹ ಮನೆಗಳಿಲ್ಲವೆಂದು ನಾವು ಎದೆ ಮುಟ್ಟಿ ಹೇಳಬಲ್ಲೆವೇ? ಪಿಂಚಣಿಯು ಆಕೆಯ ಹೆಸರಿಗೆ ಬರುವುದು ಆಕೆಯೂ ಮಕ್ಕಳೂ ಯಾರ ಮುಂದೆಯೂ ಕೈಯೊಡ್ಡದೆ ಬಾಳಲೆಂದು. ಲೆಕ್ಕ ತಿಳಿಯದಿದ್ದರೆ ಕಲಿಸೋಣ. ಪುಸ್ತಕವು ಆಕೆಯ ಕೈಯಲ್ಲಿಯೇ ಇರಲಿ. ಅದೇ ವೇಳೆ ಮಗನನ್ನು ಕಳೆದುಕೊಂಡ ಅತ್ತೆ ಮಾವಂದಿರ ದುಃಖವೂ ಸಣ್ಣದಲ್ಲ. ಮುಪ್ಪಿನಲ್ಲಿ ಅವರಿಗೆ ಅನ್ನ ಔಷಧಗಳ ಕೊರತೆಯಾಗದಂತೆ ನೋಡಿಕೊಳ್ಳುವುದು ಆ ಮನೆಯ ಧರ್ಮ. ಈ ಎರಡನ್ನೂ ಹಿರಿಯರು ಕುಳಿತು ಒಂದೇ ಮಾತಿನಲ್ಲಿ ಇತ್ಯರ್ಥಪಡಿಸಿದರೆ ನ್ಯಾಯಾಲಯದ ಮಾತೇ ಬಾರದು.

ಮರುವಿವಾಹದ ವಿಷಯದಲ್ಲಿ ತಪ್ಪು ತಿಳಿವಳಿಕೆಗಳು ಬಹಳ. ಉಡಿಕೆಯ ಹೆಸರಿನಲ್ಲಿ ವಿಧವೆಗೆ ಹೊಸ ಬಾಳನ್ನು ಕಟ್ಟಿಕೊಡುವ ಪದ್ಧತಿ ನಮ್ಮ ಸಮಾಜಕ್ಕೆ ಹೊಸದಲ್ಲ. ಆದರೂ ಪಿಂಚಣಿ ನಿಂತುಹೋಗುತ್ತದೆಯೆಂಬ ಭಯದಿಂದ ಎಳೆಯ ವಯಸ್ಸಿನ ಹೆಣ್ಣುಮಕ್ಕಳನ್ನು ಹಾಗೆಯೇ ಇರಿಸುವವರೂ, ಹಣ ಮನೆ ಬಿಟ್ಟು ಹೋಗದಿರಲೆಂದು ಆಕೆಯ ಮನಸ್ಸನ್ನು ಕೇಳದೆ ಮೈದುನನಿಗೇ ಕೊಟ್ಟು ಮದುವೆ ಮಾಡಲು ಒತ್ತಾಯಿಸುವವರೂ ಇದ್ದಾರೆ. ನಿಯಮಗಳು ಈಗ ಅಷ್ಟು ಕಠಿಣವಾಗಿಲ್ಲ. 2006ರ ಜನವರಿ 1ರಿಂದ, ಮಕ್ಕಳಿಲ್ಲದ ವಿಧವೆಯು ಮರುಮದುವೆಯಾದರೂ, ಆಕೆಯ ಸ್ವಂತ ಆದಾಯವು ನಿಗದಿತ ಮಿತಿಯನ್ನು ಮೀರದಿದ್ದರೆ, ಸಾಮಾನ್ಯ ಕುಟುಂಬ ಪಿಂಚಣಿ ಮುಂದುವರಿಯುತ್ತದೆ. ಮಕ್ಕಳಿದ್ದಲ್ಲಿ ಅದು ಮಕ್ಕಳಿಗೆ ವರ್ಗವಾಗುತ್ತದೆ, ನಷ್ಟವಾಗುವುದಿಲ್ಲ. ಯುದ್ಧದಲ್ಲಿ ಮಡಿದವರ ಮಡದಿಯು ಮರುವಿವಾಹದ ನಂತರವೂ ಮಕ್ಕಳನ್ನು ಸಾಕುತ್ತಿದ್ದರೆ ಆಕೆಗೇ ಪಿಂಚಣಿ ಮುಂದುವರಿಯಲು ಅವಕಾಶವಿದೆ. ಶೌರ್ಯ ಪದಕಗಳೊಡನೆ ಬರುವ ಮಾಸಿಕ ಭತ್ಯೆಗೆ ಇದ್ದ, ಮೃತನ ಸಹೋದರನನ್ನೇ ಮದುವೆಯಾಗಬೇಕೆಂಬ ಷರತ್ತನ್ನು ರಕ್ಷಣಾ ಇಲಾಖೆಯು 2017ರ ನವೆಂಬರಿನಲ್ಲಿ ಕಿತ್ತುಹಾಕಿದೆ. ಸರಕಾರವೇ ಬಿಟ್ಟ ಷರತ್ತನ್ನು ಮನೆತನಗಳು ಹಿಡಿದುಕೊಂಡಿರುವುದು ಶೋಭೆಯಲ್ಲ.

ಇಂದೇ ಮಾಡಬೇಕಾದ ಕೆಲಸ

ಸೈನಿಕರು, ಮಾಜಿ ಸೈನಿಕರು ಇರುವ ಪ್ರತಿಯೊಂದು ಮನೆಯಲ್ಲಿಯೂ ಕೆಳಗಿನ ಕೆಲಸಗಳು ಆಗಿವೆಯೇ ಎಂಬುದನ್ನು ನೋಡಿಕೊಳ್ಳಬೇಕೆಂದು ವಿನಂತಿ.

1. ಪಿ.ಪಿ.ಓ., ಡಿಸ್ಚಾರ್ಜ್ ಪುಸ್ತಕ, ಮದುವೆಯ ಪ್ರಮಾಣಪತ್ರ, ಮಕ್ಕಳ ಜನನ ಪತ್ರಗಳು, ಆಧಾರ್, ಪಾನ್, ಪಾಸ್‌ಬುಕ್ ಇವುಗಳನ್ನು ಒಂದೇ ಕಡತದಲ್ಲಿ ಇಟ್ಟು, ಅದು ಇರುವ ಸ್ಥಳವನ್ನು ಮಡದಿಗೆ ತಿಳಿಸಬೇಕು.

2. ಈ ಎಲ್ಲ ಪತ್ರಗಳಲ್ಲಿ ಮಡದಿಯ ಹೆಸರು, ಜನ್ಮದಿನಾಂಕ ಒಂದೇ ರೀತಿಯಾಗಿವೆಯೇ ಎಂದು ಅಕ್ಷರವಿಟ್ಟು ಓದಬೇಕು. ಭೇದವಿದ್ದರೆ ಯೋಧನು ಇರುವಾಗಲೇ ದಾಖಲೆ ಕಚೇರಿಗೆ ಬರೆದು ತಿದ್ದಿಸಬೇಕು.

3. ಪಿಂಚಣಿಯ ಖಾತೆಯನ್ನು ಗಂಡ ಹೆಂಡಿರ ಜಂಟಿ ಖಾತೆಯಾಗಿ ಮಾಡಬೇಕು. ಭವಿಷ್ಯನಿಧಿ, ವಿಮೆಗಳ ನಾಮನಿರ್ದೇಶನವನ್ನು ಮದುವೆಯ ನಂತರ ಪುನಃ ನೋಡಬೇಕು.

4. ಸೈನಿಕ ಸಂಖ್ಯೆ, ರೆಜಿಮೆಂಟು, ದಾಖಲೆ ಕಚೇರಿಯ ವಿಳಾಸಗಳನ್ನು ಮಡದಿಯು ತನ್ನ ಕೈಯಾರೆ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.

5. ದುಡಿಯಲಾಗದ ಅಂಗವಿಕಲ ಮಗುವಿದ್ದರೆ ಅದರ ಹೆಸರನ್ನು ದಾಖಲಿಸಬೇಕು. ಇತರ ಮಕ್ಕಳಿಗೆ ಸಾಮಾನ್ಯವಾಗಿ 25 ವರ್ಷದ ಮಿತಿಯಿದ್ದರೂ ಅಂತಹ ಮಗುವಿಗೆ ಬಾಳಿನುದ್ದಕ್ಕೂ ಪಿಂಚಣಿಯ ಆಸರೆ ದೊರೆಯಬಹುದು.

6. ಪಿಂಚಣಿ ಆರಂಭವಾದ ಮೇಲೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರವನ್ನು ತಪ್ಪದೆ ಸಲ್ಲಿಸಬೇಕು. ಅದನ್ನು ಮರೆತರೆ ಬದುಕಿರುವಾಗಲೇ ಪಿಂಚಣಿ ನಿಲ್ಲುತ್ತದೆ.

ಗಂಡನು ಬದುಕಿರುವಾಗಲೇ ಇಂತಹ ಮಾತೆತ್ತುವುದು ಅಶುಭವೆಂದು ನಮ್ಮ ತಾಯಂದಿರು ಬಾಯಿ ಮುಚ್ಚಿಸುತ್ತಾರೆ. "ಬಿಟ್ತು ಅನ್ನಿರಿ" ಎಂದು ಹಿರಿಯರು ಗದರುತ್ತಾರೆ. ಆದರೆ ಯೋಧನಾದವನು ಮರಣದ ಹೆಸರನ್ನು ಹೇಳಲು ಅಂಜುವವನಲ್ಲ. ಅದನ್ನು ದಿನವೂ ಕಣ್ಣೆದುರಿಗೆ ಕಂಡೇ ಕರ್ತವ್ಯದಲ್ಲಿ ನಿಂತವನು. ಆತನ ಮನೆಯವರಿಗೂ ಅಷ್ಟು ಧೈರ್ಯ ಬೇಕು. ಒಂದು ರವಿವಾರ ಮಧ್ಯಾಹ್ನ ಊಟವಾದ ಮೇಲೆ ಗಂಡ ಹೆಂಡತಿ ಮಕ್ಕಳು ಕೂಡಿ ಕುಳಿತು ಪೆಟ್ಟಿಗೆಯ ಕಾಗದಗಳನ್ನು ಹೊರತೆಗೆದರೆ ಎರಡು ತಾಸಿನಲ್ಲಿ ಮುಗಿಯುವ ಕೆಲಸವಿದು. ನಾವು ನೆರೆಹೊರೆಯವರೂ ಒಂದು ಕೆಲಸ ಮಾಡಬಹುದು. ನಮ್ಮ ಓಣಿಯಲ್ಲಿ ಪಿಂಚಣಿಗಾಗಿ ಅಲೆಯುತ್ತಿರುವ ಯೋಧನ ಮಡದಿಯಿದ್ದರೆ, ಓದುಬರಹ ಬಲ್ಲ ಒಬ್ಬ ತರುಣನು ಆಕೆಯೊಡನೆ ಜಿಲ್ಲಾ ಸೈನಿಕ ಕಚೇರಿಯವರೆಗೆ ಹೋಗಿಬರಲಿ. ಶಾಲು ಹೊದಿಸುವುದಕ್ಕಿಂತ ಆ ಒಂದು ದಿನದ ಬಸ್ಸಿನ ಪ್ರಯಾಣವು ಆತನ ಸೇವೆಗೆ ಸಲ್ಲಿಸುವ ಹೆಚ್ಚಿನ ಗೌರವವಾದೀತು.